ಮೂರನೇ ತೊಟ್ಟಿಯ ಮರಿಗಳು

ಮೂರನೇ ತೊಟ್ಟಿಯಲ್ಲಿ ಇವತ್ತೂ ಹನ್ನೊಂದು ಮೀನುಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೊಟ್ಟೆಯಲ್ಲಿದ್ದಾಗ ತೀರಾ ಕಡಿಮೆ ವಿಕಿರಣ ತಗಲಿದ ಮರಿಗಳವು, ಇಷ್ಟೊಂದು ಸಾಯಬಾರದಿತ್ತು. ಸಂಶೋಧಕಿ ಲೆಕ್ಕ ಬರೆದುಕೊಂಡವಳೇ ವಿಕಿರಣದ ಕೋಣೆಗೆ ನಡೆದಳು.

"ಡೋಸು ಮೇಷ್ಟ್ರೇ, ನಿಮ್ಮ ಅಳತೆ ಸರಿ ಇದೆಯಾ?"

ಅಲ್ಲಿ ಮೊಟ್ಟೆಗಳಿಗೆ ವಿಕಿರಣ ಹಾಯಿಸುವ ಟೆಕ್ನಿಷಿಯನ್‌ಗೆ ಲ್ಯಾಬಿನವರೆಲ್ಲ ಇಟ್ಟ ಹೆಸರದು. ಬೇರೆ ದಿನವಾಗಿದ್ದರೆ ಕಣ್ಣಂಚಿನಲ್ಲೇ ನಕ್ಕು, "ಮೀನುಗಳ ತಾಯಿಗೆ ಅನುಮಾನವಾ?" ಎನ್ನುತ್ತಿದ್ದ. ಇವತ್ತು ಕತ್ತೆತ್ತಲಿಲ್ಲ.

"ನೋಡಿ ಹೇಳ್ತೀನಿ."

ಮೂರು ದಿನವಾದರೂ ಹೇಳಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಪಕ್ಕದ ಬಾಗಿಲಿಗೆ ನುಗ್ಗುತ್ತಿದ್ದ. ಅವಳಿಗೆ ಊಟ ಸೇರಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ.

"ಚಡಪಡಿಕೆ ಮೀನು ಸತ್ತಿದ್ದಕ್ಕಾ, ಮೇಷ್ಟ್ರು ಮಾತಾಡದ್ದಕ್ಕಾ?" ಎಂದು ಮನೆಯಲ್ಲಿ ಅಕ್ಕ ಕೆಣಕಿದಾಗ ತಟ್ಟೆ ಎತ್ತಿಕೊಂಡು ಎದ್ದುಹೋದಳು.

ನಾಲ್ಕನೇ ಬೆಳಿಗ್ಗೆ ಅವನೇ ತೊಟ್ಟಿಗಳ ಬಳಿ ಬಂದ.

"ತಪ್ಪು ನನ್ನದು. ಮೂರನೇ ಟ್ರೇ ಮೊಟ್ಟೆಗಳನ್ನ ಐದು ನಿಮಿಷದ ಬದಲು ಐವತ್ತು ನಿಮಿಷ ಇಟ್ಟಿದ್ದೀನಿ. ಯಂತ್ರದ ದಾಖಲೆಯೆಲ್ಲ ತೆಗೆದು ನೋಡಿದೆ. ಈಗಷ್ಟೇ ಮುಖ್ಯಸ್ಥರಿಗೂ ಬರೆದುಕೊಟ್ಟು ಬಂದೆ."

ಅವಳ ಕೈಯಲ್ಲಿದ್ದ ಬಲೆ ಜಾರಿ ನೀರಿಗೆ ಬಿತ್ತು. "ಎರಡು ತಿಂಗಳ ಕೆಲಸ! ಅಷ್ಟು ಕಡಿಮೆ ಡೋಸಿಗೇ ಮೀನು ಸಾಯುತ್ತೆ ಅಂತ ವರದಿ ಬರೀತಿದ್ದೆ, ಗೊತ್ತಾ?"

"ಅದಕ್ಕೇ ಹೇಳಿಬಿಟ್ಟೆ."

"ಹೇಗಾಯ್ತು?"

ಅವನ ಕಿವಿಗಳು ಕೆಂಪಾದವು. "ನೀವು ಗಾಜಿನಾಚೆ ನಿಂತು ಜಡೆ ಬಿಚ್ಚಿ ಕಟ್ಟಿಕೊಳ್ತಿದ್ರಿ. ಒಂದು ಸೊನ್ನೆ ಹೆಚ್ಚು ಒತ್ತಿಬಿಟ್ಟೆ."

"ತಪ್ಪನ್ನ ನನ್ನ ಜಡೆಗೆ ಕಟ್ಟಬೇಡಿ."

"ಇಲ್ಲ. ಕಣ್ಣು ನನ್ನದೇ."

ಸಿಟ್ಟಿನ ನಡುವೆಯೇ ನಗು ಉಕ್ಕಿತು. ತುಟಿ ಕಚ್ಚಿ ಹಿಡಿದಳು. "ಮುಖ್ಯಸ್ಥರಿಗೂ ಹೀಗೇ ಬರೆದ್ರಾ?"

"'ಗಮನ ಬೇರೆಡೆ ಇತ್ತು' ಅಂತ ಬರೆದೆ."

"ಮೂರು ದಿನ ಯಾಕೆ ತಪ್ಪಿಸಿಕೊಂಡ್ರಿ?"

"ಹೇಳಿದ ಮೇಲೆ ನೀವು ನನ್ನ ಕಡೆ ತಿರುಗಿಯೂ ನೋಡಲ್ಲ ಅನ್ನಿಸ್ತು."

ಅವಳು ನೀರಿನಿಂದ ಬಲೆ ಎತ್ತಿಕೊಂಡಳು. ಸತ್ತ ಮರಿಗಳನ್ನು ಒಂದೊಂದಾಗಿ ಹೊರತೆಗೆದಳು.

"ಸೋಮವಾರ ಹೊಸ ಮೊಟ್ಟೆ ಬರುತ್ತೆ. ಅರವತ್ತು ದಿನ, ದಿನಾ ಏಳು ಗಂಟೆಗೆ ಬಂದು ನನ್ನ ಜೊತೆ ಮರಿ ಎಣಿಸಬೇಕು."

"ಅರವತ್ತಾದ ಮೇಲೆ?"

"ಅಷ್ಟರೊಳಗೆ ನೀವು ಬಾಯಿಬಿಟ್ಟು ಕೇಳದಿದ್ರೆ, ನಾನೇ ಕೇಳ್ತೀನಿ."

ಅವನು ಅಷ್ಟು ದಿನ ಕಾಯಲಿಲ್ಲ. ಸೋಮವಾರ ಏಳಕ್ಕೆ ಹತ್ತು ನಿಮಿಷವಿರುವಾಗಲೇ, ಮೊಟ್ಟೆಗಳ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತೇ "ನನ್ನನ್ನ ಮದುವೆ ಆಗ್ತೀರಾ?" ಎಂದು ಕೇಳಿಬಿಟ್ಟ.

"ಮೊದಲು ಡಬ್ಬಿ ಕೆಳಗಿಡಿ. ಈಗಲೂ ನಿಮ್ಮ ಗಮನ ಬೇರೆಡೆ ಇದೆ," ಎಂದಳು.

ಇಟ್ಟ.

ಆಮೇಲೆ ಅವಳು "ಹೂಂ" ಎಂದಳು.