ದುಂಬಿ ಮುಟ್ಟದ ಹೂ

ಸೂರ್ಯ ಇನ್ನೂ ನೀರಿನ ಟಾಕಿಯ ಮರೆಯಲ್ಲಿದ್ದ. ಆಗಲೇ ತೋರಗಲ್ ಬಡಾವಣೆಯ ಉದ್ಯಾನದಲ್ಲಿ ಮಲ್ಲಿಗೆ, ದಾಸವಾಳ, ಸೇವಂತಿಗೆ, ಕನಕಾಂಬರ ಎಲ್ಲವೂ ಒಟ್ಟಿಗೆ ಅರಳತೊಡಗಿದವು. ಯಾವ ತಿಂಗಳಲ್ಲಿ ಯಾವ ಹೂ ಎಂಬ ಗೊಡವೆ ಅವಕ್ಕಿರಲಿಲ್ಲ. ಬೆಳಕು ತಾಗಿದ ಕೂಡಲೇ ಎಸಳೊಳಗಿನ ಕೂದಲಿನಷ್ಟು ಸಣ್ಣ ತಂತಿಗಳು ಬೆಚ್ಚಗಾಗಿ ಹಿಗ್ಗುತ್ತಿದ್ದವು, ಎಸಳುಗಳು ಮೆಲ್ಲನೆ ಬಿಚ್ಚಿಕೊಳ್ಳುತ್ತಿದ್ದವು, ತೊಟ್ಟಿನಲ್ಲಿ ಅಡಗಿದ್ದ ಗುಳಿಗೆಯಿಂದ ಪರಿಮಳ ಹೊರಡುತ್ತಿತ್ತು. ಹತ್ತಿಯ ನಾರಿನಿಂದ ಮಾಡಿದ ಎಸಳು ಮುಟ್ಟಿದರೆ ತಂಪಾಗಿರುತ್ತಿತ್ತು. ಕಣ್ಣು ಮುಚ್ಚಿಕೊಂಡು ಮುಟ್ಟಿದವರಿಗೆ ಇದು ಗಿಡದಲ್ಲಿ ಬೆಳೆದದ್ದಲ್ಲ ಎಂದು ಹೇಳಲು ಸಾಧ್ಯವೇ ಇರಲಿಲ್ಲ.

ಬಡಾವಣೆಯ ಸಂಘದ ಅಧ್ಯಕ್ಷ ಪ್ರಹ್ಲಾದ ಕಟ್ಟಿಯವರು ಹಿತ್ತಾಳೆ ತಟ್ಟೆ ಹಿಡಿದು ಬಂದರು. ವಯಸ್ಸಿದ್ದಾಗ ಧಾರವಾಡದ ಎಲ್ಲ ಸಭ್ಯ ಗೃಹಸ್ಥರಂತೆ ಅವರೂ ಮುಂಜಾನೆ ಪ್ಲಾಸ್ಟಿಕ್ ಚೀಲ ಹಿಡಿದು ಮಂದಿಯ ಕಂಪೌಂಡಿನಾಚೆ ಬಾಗಿದ ಕೊಂಬೆಗಳ ಹೂ ಕಿತ್ತವರೇ. ದೇವರಿಗಾಗಿ ಮಾಡಿದ ಕಳವು ಕಳವಲ್ಲ ಎಂಬ ಧೈರ್ಯ ಅವರಿಗಿತ್ತು. ಈಗ ಕದಿಯುವ ಅಗತ್ಯವಿರಲಿಲ್ಲ. ತೊಟ್ಟು ಒತ್ತಿದರೆ ಟಕ್ಕೆಂದು ಹೂ ಕೈಗೆ ಬರುತ್ತಿತ್ತು. ಸಂಜೆ ತೊಳೆದು ತಂದು ಮತ್ತೆ ಟಕ್ಕೆಂದು ಗಿಡಕ್ಕೆ ಸಿಕ್ಕಿಸಿದರಾಯಿತು.

"ಏನ್ರಿ ಡಾಕ್ಟರ, ಇಷ್ಟು ಲಗೂ ಎದ್ದೀರಿ?" ಎಂದರು, ಬೆಂಚಿನ ಮೇಲೆ ಕೂತಿದ್ದ ನಿವೇದಿತಾಳನ್ನು ನೋಡಿ.

"ನಿದ್ದಿ ಬರಲಿಲ್ರಿ" ಎಂದಳು ಆಕೆ.

ಡಾ. ನಿವೇದಿತಾ ಹೊಸಮನಿ ಈ ಹೂಗಳನ್ನು ಮಾಡಿದಾಕೆ. ಮಲಪ್ರಭೆಯ ನೀರು ಕುಡಿಯಲಿಕ್ಕೇ ಸಾಲದೆ, ಕೈತೋಟಕ್ಕೆ ಹನಿ ನೀರು ಬಿಟ್ಟರೂ ನಳದ ಸಂಪರ್ಕ ಕತ್ತರಿಸುತ್ತೇವೆಂಬ ಕಟ್ಟಪ್ಪಣೆ ಬಂದ ಕಾಲ ಅದು. ಒಣಗಿದ ಪಾತಿಗಳನ್ನು ನೋಡಿ ನೋಡಿ ಜನ ಬೇಸತ್ತಿದ್ದರು. ಅವರಿಗೆ ನೀರು ಬೇಡದ, ಮಣ್ಣು ಬೇಡದ, ಹಾವು ಸೇರದ ತೋಟವನ್ನು ಆಕೆ ಕೊಟ್ಟಳು. ಊರು ಆಕೆಯನ್ನು ತಲೆಯ ಮೇಲೆ ಹೊತ್ತು ಮೆರೆಸಿತು.

ಮೊದಲ ವರ್ಷ ಮಾತ್ರ ಒಂದು ಸಂಕಟ ಎದುರಾಗಿತ್ತು. ಹೂವಿನಲ್ಲಿ ಪರಿಮಳವಿತ್ತು, ಮಕರಂದವಿರಲಿಲ್ಲ. ಜೇನ್ನೊಣಗಳು ಎಲ್ಲಿಂದಲೋ ವಾಸನೆ ಹಿಡಿದು ಬರುತ್ತಿದ್ದವು. ಒಂದು ಹೂವಿನಿಂದ ಇನ್ನೊಂದಕ್ಕೆ ಹಾರಿ, ಎಲ್ಲೂ ಏನೂ ಸಿಗದೆ, ಹಾರುವ ತ್ರಾಣ ಮುಗಿದು ಬುಡದಲ್ಲೇ ಬಿದ್ದು ಸಾಯುತ್ತಿದ್ದವು. ಕಸ ಗುಡಿಸುವ ಹೆಂಗಸು ಒಂದು ದಿನ ಮೊರದ ತುಂಬ ಸತ್ತ ಜೇನು ತಂದು, "ಇವನ್ನ ಹಸಿ ಕಸಕ್ಕ ಹಾಕಲ್ಯೋ ಒಣ ಕಸಕ್ಕ ಹಾಕಲ್ಯೋ ಅಕ್ಕಾರ?" ಎಂದು ಕೇಳಿದ್ದಳು. ಆ ದಿನ ನಿವೇದಿತಾಳಿಗೆ ಊಟ ಸೇರಲಿಲ್ಲ.

ಆಕೆ ಜೇನಿನದೇ ಒಂದು ಗುಟ್ಟನ್ನು ಹಿಡಿದಳು. ಜೇನಿನ ಕಾಲಲ್ಲಿ ಮೇಣದಂಥ ಜಿಡ್ಡಿರುತ್ತದೆ. ಹೂವಿನ ಮಕರಂದ ಹೀರಿ ಎದ್ದಾಗ ಆ ಜಿಡ್ಡಿನ ವಾಸನೆ ಎಸಳಿನ ಮೇಲೆ ಉಳಿಯುತ್ತದೆ. ಹಿಂದೆ ಬಂದ ಜೇನು ಅದನ್ನು ಗ್ರಹಿಸಿ, ಈ ಹೂ ಬರಿದಾಗಿದೆ ಎಂದು ತಿಳಿದು, ಕೂರದೆ ಮುಂದೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ವಾಸನೆ ಆರುತ್ತದೆ, ಅಷ್ಟರಲ್ಲಿ ಹೂವಿನಲ್ಲಿ ಮತ್ತೆ ಮಕರಂದ ಊರಿರುತ್ತದೆ. ಈ ಹೆಜ್ಜೆಯ ವಾಸನೆಯನ್ನು ನಿವೇದಿತಾ ಪ್ರಯೋಗಾಲಯದಲ್ಲಿ ತಯಾರಿಸಿ ತನ್ನ ಹೂಗಳಿಗೆ ಲೇಪಿಸಿದಳು. ಮರುದಿನದಿಂದ ಒಂದು ಜೇನೂ ಅವುಗಳ ಮೇಲೆ ಕೂರಲಿಲ್ಲ, ಒಂದೂ ಸಾಯಲಿಲ್ಲ. ಜೇನಿನ ವಾಸನೆ ಆರುವಂಥದ್ದು, ಆಕೆಯದು ಆರದಂಥದ್ದು. ಹೂವು ವರ್ಷಗಟ್ಟಲೆ ಬಾಳುವಾಗ ಅದರ ಕಾವಲು ಅರ್ಧಕ್ಕೇ ಮುಗಿದರೆ ಹೇಗೆ ಎಂದು ಆಕೆ ಯೋಚಿಸಿದ್ದಳು. ಅದನ್ನು ಬಾಳಿಕೆ ಬರುವಂತೆ ಮಾಡಲು ಪಟ್ಟ ಪಾಡಿನ ಬಗ್ಗೆ ಆಕೆಗೆ ಹೆಮ್ಮೆಯೂ ಇತ್ತು.

ಅದರಿಂದ ಇನ್ನೊಂದು ಫಲವಾಯಿತು. ಅಲ್ಲಿಯವರೆಗೆ ಜನ ಈ ಹೂಗಳನ್ನು ನೋಡಲು ಇಟ್ಟುಕೊಂಡಿದ್ದರೇ ಹೊರತು ದೇವರಿಗೆ ಏರಿಸುತ್ತಿರಲಿಲ್ಲ. ಸಂಘದ ಸಭೆಯಲ್ಲಿ ಕಟ್ಟಿಯವರು ಎದ್ದು ನಿಂತರು.

"ದೇವರಿಗಂತ ತಂದ ಹೂವನ್ನ ಹುಡುಗರು ಮೂಸಿದರ ಬೈತೀವಿಲ್ರಿ? ಮತ್ತ ದುಂಬಿ ಅದರಾಗ ಬಾಯಿ ಹಾಕಿ ರಸಾ ಕುಡದು ಹೋಗಿರತದ, ಅದು ಎಂಜಲಲ್ಲೇನು? ಇದನ್ನ ನೋಡ್ರಿ, ಒಂದು ಹುಳಾನೂ ಮುಟ್ಟಿಲ್ಲ. ಇದಕ್ಕಿಂತಾ ಮಡಿ ಹೂ ಎಲ್ಲಿ ಸಿಗತದ?"

"ನಿನ್ನೆ ಏರಿಸಿದ್ದು ಇವತ್ತು ನಿರ್ಮಾಲ್ಯ ಆಗೂದಿಲ್ಲೇನ್ರಿ?" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೊಕ್ಕೆ ಹಾಕಿದರು.

"ಬಿಲ್ವಪತ್ರಿ ತೊಳದು ಮತ್ತ ಏರಸೂದಿಲ್ಲೇನು? ಹಂಗ ಇದೂ."

ಸಭೆ ಒಪ್ಪಿತು. ತಯಾರಿಸುವ ಕಂಪನಿ ಮರುವಾರವೇ 'ದುಂಬಿ ಮುಟ್ಟದ ಹೂ' ಎಂಬ ಹೆಸರು ಕೊಟ್ಟಿತು. ಅಲ್ಲಿಂದ ಮುಂದೆ ಅದನ್ನು ತಡೆಯುವವರಿರಲಿಲ್ಲ. ಗುಡಿ, ಮಠ, ಕಲ್ಯಾಣಮಂಟಪ, ಬಾಗಿಲ ತೋರಣ, ಬಸ್ಸಿನ ಗಾಜಿನ ಮುಂದಿನ ಮಾಲೆ, ಹೆಂಗಸರ ಮುಡಿ, ಎಲ್ಲೆಲ್ಲೂ ಅದೇ. ಹುಬ್ಬಳ್ಳಿ ಧಾರವಾಡದಲ್ಲಿ ಮಣ್ಣಿನ ಕುಂಡ ಇಟ್ಟವರನ್ನು ಜನ ವಿಚಿತ್ರವಾಗಿ ನೋಡುವಂತಾಯಿತು.

ನಿವೇದಿತಾಳಿಗೆ ಈಗ ನಿದ್ದೆ ಬರದಿದ್ದುದು ಅಕ್ಕನ ಫೋನಿನಿಂದ. ಅಕ್ಕ ಮಹಾನಂದಾ ಊರ ಪಡುವಣ ದಿಕ್ಕಿನ ಹೊಲದಲ್ಲಿ ನಾಟಿ ಸೌತೆ ಬೆಳೆದು ಬೀಜ ಮಾಡುತ್ತಿದ್ದಳು. ತವರಿನ ಅಜ್ಜಿಯ ಕಾಲದಿಂದ ಬಂದ ಬೀಜ ಅದು. ಬೋರಿನ ಉಪ್ಪುನೀರಿಗೂ ಜಗ್ಗದ ಆ ತಳಿ ಬೇರೆ ಯಾರಲ್ಲೂ ಉಳಿದಿರಲಿಲ್ಲ. ಹೋದ ವರ್ಷ ಕಾಯಿ ಹಿಡಿದಿರಲಿಲ್ಲ. ಮಡಕೆಯಲ್ಲಿ ಉಳಿದದ್ದನ್ನೆಲ್ಲ ಈ ಸಲ ಬಿತ್ತಿದ್ದಳು. ಈ ಸಲವೂ ಕಾಯಾಗದಿದ್ದರೆ ಮುಂದೆ ಬಿತ್ತಲು ಏನೂ ಇರಲಿಲ್ಲ.

"ಬಳ್ಳಿ ಚಲೋ ಹಬ್ಬೇತಿ, ಹೂ ಕಂಡಾಪಟ್ಟಿ ಬಿಟ್ಟಾವು" ಎಂದಿದ್ದಳು ಫೋನಿನಲ್ಲಿ. "ಆದರ ಒಂದೂ ಕಾಯಿ ಹಿಡಿವಲ್ಲದು ನಿವ್ವಿ. ನೀ ಓದಿದಾಕಿ, ಬಂದು ಒಂದೀಟು ನೋಡಿ ಹೋಗವ್ವ."

ಬೆಂಚಿನಿಂದ ಎದ್ದು ಆಕೆ ನೇರ ಹೊಲಕ್ಕೆ ಹೋದಳು. ಸೌತೆಯ ಬಳ್ಳಿ ನಿಜಕ್ಕೂ ಹೊಲದ ತುಂಬ ಹಬ್ಬಿತ್ತು. ಹೆಣ್ಣು ಹೂಗಳ ಬೆನ್ನಿಗೆ ಪುಟ್ಟ ಮಿಡಿಗಳಿದ್ದವು. ಪರಾಗ ಸಿಗದ ಮಿಡಿಗಳು ಹಳದಿಯಾಗಿ, ಸುಕ್ಕಾಗಿ, ಕೈ ತಾಗಿದರೆ ಉದುರುತ್ತಿದ್ದವು. ಮಹಾನಂದಾ ಉಡಿಯಲ್ಲಿ ಅಂಥವನ್ನು ಆಯ್ದಿಟ್ಟುಕೊಂಡಿದ್ದಳು, ತಂಗಿಗೆ ತೋರಿಸಲು.

"ಔಷಧ ಏನರ ಹೊಡದಿದ್ದೇನು?" ನಿವೇದಿತಾ ಕೇಳಿದಳು.

"ಹನಿ ಹೊಡದಿಲ್ಲ. ಜೇನಪೆಟಗಿ ಅಲ್ಲೇ ಐತಿ, ಔಷಧ ಹೊಡೀತೀನೇನ ನಾ?"

ಬದುವಿನ ಮೇಲೆ ಬೇವಿನ ನೆರಳಲ್ಲಿ ಜೇನಿನ ಪೆಟ್ಟಿಗೆ ಇತ್ತು. ಜೇನುಗಳು ಹೊರಗೆ ಬಂದವು. ನಿವೇದಿತಾ ಒಂದರ ಹಿಂದೆಯೇ ಕಣ್ಣಿಟ್ಟಳು. ಅದು ಅರಳಿದ ಹೂವೊಂದರ ಸಮೀಪ ಬಂದು, ಗಾಳಿಯಲ್ಲೇ ಒಂದು ಗಳಿಗೆ ನಿಂತು, ಹಿಂದೆ ಸರಿಯಿತು. ಪಕ್ಕದ ಹೂವಿಗೆ ಹೋಯಿತು, ಅಲ್ಲಿಂದಲೂ ಸರಿಯಿತು. ಹೊಲದ ಉದ್ದಕ್ಕೂ ಅದು ಹೀಗೇ ಹೋಯಿತು, ಬೇಡಲು ಬಂದವರಿಗೆ ಪ್ರತಿ ಬಾಗಿಲಲ್ಲೂ ಮುಂದೆ ಹೋಗು ಎಂದಂತೆ.

"ಹಿಂಗ ಮಾಡತಾವ ನೋಡು" ಎಂದಳು ಅಕ್ಕ. "ಹೂವಿನ ಮ್ಯಾಲ ಕುಂದ್ರವಲ್ಲವು. ಹೂವಿನಾಗ ರಸ ಐತಿ, ನಾ ನೆಕ್ಕಿ ನೋಡೇನಿ. ತುಂಬಿದ ಮನ್ಯಾಗ ಉಪವಾಸ ಸಾಯಾಕತ್ತಾವು. ಯಾಕಂತೀನಿ?"

ಯಾಕೆ ಎಂಬುದು ನಿವೇದಿತಾಳಿಗೆ ಗೊತ್ತಿತ್ತು. ಆದರೂ ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತ ನಾಲ್ಕಾರು ಹೂ ಕಿತ್ತುಕೊಂಡು ಪ್ರಯೋಗಾಲಯಕ್ಕೆ ಹೋದಳು. ಸುಳ್ಳಾಗಲಿಲ್ಲ. ಸೌತೆಯ ಎಸಳಿನ ಮೇಲೆ ಆಕೆಯದೇ ಲೇಪ ಸಿಕ್ಕಿತು. ಊರ ಲಕ್ಷಾಂತರ ಹೂಗಳಿಂದ ಬಿಸಿಲಿಗೆ ಇಷ್ಟಿಷ್ಟೇ ಎದ್ದು, ಧೂಳಿನ ಜೊತೆ ಗಾಳಿಗೆ ಸೇರಿ, ಹೊಲದ ಮೇಲೆ ಇಳಿದಿತ್ತು. ಮನುಷ್ಯರ ಮೂಗಿಗೆ ಅದು ಸಿಗುವುದಿಲ್ಲ. ಜೇನಿಗೆ ಮಾತ್ರ ಲೋಕದ ಹೂಗಳೆಲ್ಲ ಈಗಷ್ಟೇ ಯಾರೋ ಕುಡಿದು ಬರಿದು ಮಾಡಿದಂತೆ ತೋರುತ್ತಿತ್ತು. ನೀರಲ್ಲಿ ತೊಳೆದಳು, ಹೋಗಲಿಲ್ಲ. ಸಾಬೂನು ಹಾಕಿದಳು, ಎಸಳು ಹರಿಯಿತೇ ಹೊರತು ಲೇಪ ಹೋಗಲಿಲ್ಲ. ಹೋಗದಂತೆ ಮಾಡಿದವಳು ಆಕೆಯೇ.

ಕಂಪನಿಯವರು ಕೇಳಿಸಿಕೊಂಡರು, ಪರಿಶೀಲಿಸುತ್ತೇವೆ ಎಂದರು, ಸುಮ್ಮನಾದರು. ಕಡೆಗೆ ತನ್ನ ಬಡಾವಣೆಯವರಾದರೂ ಕೇಳಿಯಾರೆಂದು ಆಕೆ ಸಂಘದ ಸಭೆಯಲ್ಲಿ ಕೈ ಮುಗಿದು ನಿಂತಳು. ಉದ್ಯಾನದ ಹೂಗಳನ್ನೂ ಬಾಗಿಲ ತೋರಣಗಳನ್ನೂ ತೆಗೆದು ಮುಚ್ಚಿದ ಡಬ್ಬಿಗಳಿಗೆ ಹಾಕೋಣ, ಇಲ್ಲಿಂದ ಶುರುವಾದರೆ ಉಳಿದವರೂ ಕೇಳುತ್ತಾರೆ ಎಂದಳು.

"ತಗದು? ಅಲ್ಲೇನಿಡೂಣ್ರಿ?" ಎಂದರು ಕಟ್ಟಿಯವರು.

"ಏನೂ ಇಡೂದು ಬ್ಯಾಡ್ರಿ. ಬರೇ ಮಣ್ಣಿರಲಿ."

ಸಭೆಯಲ್ಲಿ ಯಾರೋ ನಕ್ಕರು. ಮನೆಗಳ ಬೆಲೆ, ಮುಂದಿನ ತಿಂಗಳ ಮದುವೆಗಳು, ಮಣ್ಣಿನ ಕೊಳಕು, ಎಲ್ಲ ಮಾತೂ ಬಂದವು. ಕಟ್ಟಿಯವರು ಕೆಟ್ಟವರಲ್ಲ. ಎದ್ದು ಬಂದು ಆಕೆಯ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರು.

"ನಿಮ್ಮ ಅಕ್ಕಾರ ಕಷ್ಟ ತಿಳೀತದ್ರಿ. ಆದರ ಸೌತಿಕಾಯಿ ಪ್ಯಾಟಿಯೊಳಗ ಸಿಗಲಿಕ್ಕತ್ತಾವಲ್ಲ? ಎಲ್ಲಿಂದರ ಬರತಾವು."

"ಎಲ್ಲಿಂದ್ರಿ?" ಎಂದಳು ನಿವೇದಿತಾ.

ಆ ಪ್ರಶ್ನೆಯನ್ನು ಕಟ್ಟಿಯವರು ತಮ್ಮ ಜೀವಮಾನದಲ್ಲೇ ಕೇಳಿಕೊಂಡಿರಲಿಲ್ಲ. ಅವರೊಬ್ಬರೇ ಏಕೆ, ನಿವೇದಿತಾಳ ಎಳವೆಯಲ್ಲಿ, ಅಂದರೆ ಟಿವಿಯ ಮೇಲೆ ಪ್ಲಾಸ್ಟಿಕ್ ಗುಲಾಬಿ ಧೂಳು ತಿನ್ನುತ್ತಿದ್ದ ಆ ಕಾಲದಲ್ಲಿ, ಶಾಲೆಯ ಕಿಟಕಿಗೆ ಜೇನು ಕಟ್ಟಿದರೆ ಹೊಗೆ ಹಾಕಿಸಿ ಕೈ ತೊಳೆದುಕೊಂಡ ಹಿರಿಯರಲ್ಲಿಯೂ ಯಾರೂ ಕೇಳಿಕೊಂಡಿರಲಿಲ್ಲ.

"ಅದು ನನಗ ಗೊತ್ತಿಲ್ರಿ" ಎಂದು ಒಪ್ಪಿಕೊಂಡು ಅವರು ಸಭೆ ಮುಗಿಸಿದರು.

ಮರುದಿನ ನಿವೇದಿತಾ ಹೊಲಕ್ಕೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ಮಹಾನಂದಾ ಕೆಲಸ ನಿಲ್ಲಿಸದೆ ಕೇಳಿದಳು. ಗಂಡು ಹೂ ಕಿತ್ತು, ಎಸಳು ಸುಲಿದು, ನಡುವಿನ ಪುಡಿಯನ್ನು ಹೆಣ್ಣು ಹೂವಿಗೆ ಒತ್ತುತ್ತ ಬಗ್ಗಿಕೊಂಡು ಸಾಗಿದ್ದಳು. ರಾಣೇಬೆನ್ನೂರಿನ ಕಡೆ ಬೀಜದ ಕಂಪನಿಗಳ ಹೊಲದಲ್ಲಿ ಹೆಂಗಸರು ಮಾಡುವ ಕ್ರಾಸಿಂಗ್ ಕೆಲಸ ಇದು. ಸೌತೆಯ ಹೂವಿಗೆ ಬೆಳಗಿನ ಹೊತ್ತಷ್ಟೇ ಆಯುಷ್ಯ, ಬಿಸಿಲೇರಿದರೆ ಮುಗಿಯಿತು. ಒಬ್ಬಳ ಕೈಗೆ ಅಷ್ಟು ದೊಡ್ಡ ಹೊಲದಲ್ಲಿ ಒಂದೆರಡು ಸಾಲಿಗಿಂತ ಹೆಚ್ಚು ದಕ್ಕುತ್ತಿರಲಿಲ್ಲ.

ಮಾತು ಮುಗಿದ ಮೇಲೂ ಅಕ್ಕ ಬೈಯಲಿಲ್ಲ. ಬೈದಿದ್ದರೆ ನಿವೇದಿತಾಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಜೇನು ಸಾಯಬಾರದಂತ ಮಾಡೀದಿ" ಎಂದಳು ಕೊನೆಗೆ. "ಕೆಟ್ಟ ಮನಸಿಂದ ಮಾಡಿಲ್ಲ ಬಿಡು."

"ನಾನೂ ಒಂದು ಸಾಲು ಮಾಡತೀನಿ ಅಕ್ಕಾ. ತೋರಸು."

ತೋರಿಸಲು ಮಹಾನಂದಾ ಬಾಯಿ ತೆರೆದವಳು ಹಾಗೇ ನಿಂತಳು. ಒಂದು ಜೇನು ಅವರ ಮುಂದಿನ ಹೂವಿನ ಬಳಿ ಬಂದಿತ್ತು. ಮೂರ್ನಾಲ್ಕು ದಿನದಿಂದ ಗಾಳಿ ಊರ ಕಡೆಯಿಂದಲ್ಲದೆ ಬೇರೆ ದಿಕ್ಕಿನಿಂದ ಬೀಸುತ್ತಿತ್ತು, ಮುಂಜಾನೆ ಅರಳಿದ ಹೂ ಅದು, ಬಹುಶಃ ಲೇಪ ತಾಗದೆ ಇನ್ನೂ ಶುದ್ಧವಾಗಿತ್ತು. ಜೇನು ಇಳಿಯಿತು, ಇನ್ನೇನು ಕಾಲೂರಬೇಕು, ಥಟ್ಟನೆ ಮೇಲೆದ್ದಿತು. ಸುತ್ತು ಹಾಕಿ ಮತ್ತೆ ಬಂತು, ಮತ್ತೆ ಹೆದರಿದಂತೆ ಸರಿಯಿತು.

ಮಹಾನಂದಾ ಜೇನನ್ನು ನೋಡಿದಳು, ತಂಗಿಯನ್ನು ನೋಡಿದಳು. ಬಡಾವಣೆಯ ಹೂಗಳ ನಡುವೆ ಬದುಕುವ ತಂಗಿಯ ಸೀರೆ, ಕೂದಲು, ಅಂಗೈ, ಎಲ್ಲಕ್ಕೂ ಅದೇ ವಾಸನೆ ಅಂಟಿರಬೇಕು.

"ನಿವ್ವಿ" ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. "ತಪ್ಪ ತಿಳಕೋಬ್ಯಾಡವ್ವ. ನೀ ಒಂದೀಟು ದೂರ ನಿಂದರು."

ನಿವೇದಿತಾ ಬದುವಿಗೆ ಹೋಗಿ ನಿಂತಳು. ಅಕ್ಕ ಕೈ ಬೀಸಿದಳು, ಇನ್ನೂ ದೂರ. ಆಕೆ ಬದು ದಾಟಿದಳು, ಬೇವಿನ ಮರ ದಾಟಿದಳು, ರಸ್ತೆಯ ಅಂಚಿಗೆ ಹೋಗಿ ನಿಂತಳು. ಅಳು ತಡೆಯಲಾಗಲಿಲ್ಲ. ಅಲ್ಲಿಂದ ಜೇನು ಕಾಣುತ್ತಿರಲಿಲ್ಲ, ಅಕ್ಕನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಅಲ್ಲಾಡದೆ ನಿಂತಿತು. ಆಮೇಲೆ ಅಕ್ಕ ಮೆಲ್ಲಗೆ ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡಳು. ಜೇನು ಕೂತಿದೆ ಎಂದು ನಿವೇದಿತಾಳಿಗೆ ಅಷ್ಟು ದೂರಕ್ಕೂ ತಿಳಿಯಿತು.

ಆಗ ಆಕೆಯ ಬೆನ್ನಿಗೆ ಗಾಳಿ ತಾಗಿತು. ಊರ ಕಡೆಯಿಂದ ಬಂದ ಗಾಳಿ. ಹಗುರವಾಗಿ, ಹಿತವಾಗಿ, ಹಬ್ಬದ ಮನೆಯಂತೆ ಮಲ್ಲಿಗೆಯ ಪರಿಮಳ ಹೊತ್ತು ಅದು ಆಕೆಯನ್ನು ದಾಟಿ, ಬೇವನ್ನು ದಾಟಿ, ಸೌತೆಯ ಬಳ್ಳಿಗಳನ್ನು ಅಲುಗಿಸುತ್ತ ಹೊಲದೊಳಕ್ಕೆ ಹೋಯಿತು.

ಅಕ್ಕನ ಕೈಗಳು ಕೆಳಗಿಳಿದವು. ಆಕೆ ತಿರುಗಿ, ತಂಗಿ ನಿಂತಿದ್ದ ರಸ್ತೆಯನ್ನೂ ಅದರಾಚೆ ಬಾಗಿಲು ಬಾಗಿಲಿಗೆ ತೋರಣ ಕಟ್ಟಿಕೊಂಡು ಕೂತಿದ್ದ ಊರನ್ನೂ ನೋಡಿದಳು. ಒಬ್ಬ ತಂಗಿಯಾದರೆ ದೂರ ನಿಂದರು ಎನ್ನಬಹುದಿತ್ತು.