ಮಾರ್ಗೆಡ್ ಎಸೆದ ಕಲ್ಲು

ಲೇಡಿ ಆಗಸ್ಟಾ ರಸ್ತೆಗೆ ಅಡ್ಡ ಬಂದು ನಿಂತಾಗ ನೆಸ್ಟಾ ರೋಲಂಡ್ಸ್ ಓಡಿಸುತ್ತಿದ್ದ ಬಸ್ಸಿನ ತುಂಬ ಶಾಲೆ ಬಿಟ್ಟ ಮಕ್ಕಳಿದ್ದರು.

ಆಗಸ್ಟಾ ಎಂದರೆ ಹೆಂಗಸಲ್ಲ, ಎಂಜಿನ್. ನಮ್ಮ ಬ್ರಿನ್‌ಗಾರ್ತ್ ಊರಿನ ಸ್ಲೇಟುಕಲ್ಲಿನ ಗಣಿಯಿಂದ ಒಂದು ಕಾಲದಲ್ಲಿ ಕಲ್ಲು ಇಳಿಸುತ್ತಿದ್ದ ಪುಟ್ಟ ಉಗಿಬಂಡಿ. ಗಣಿ ಮುಚ್ಚಿದ ಮೇಲೆ ಮುರುಕು ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಇಂಗ್ಲೆಂಡಿನಿಂದ ಬಂದ ಉಗಿಬಂಡಿ ಹುಚ್ಚರ ಸಂಘವೊಂದು ಅದನ್ನು ವರ್ಷಗಟ್ಟಲೆ ಕೆರೆದು, ಬೆಸೆದು, ಹಸಿರು ಬಣ್ಣ ಬಳಿದು, ಆ ದಿನ ಮೊದಲ ಸಲ ಬೆಂಕಿ ಹಾಕಿ ಹೊರಗೆ ತಂದಿತ್ತು. ಹೊರಗೆ ಬಂದವಳು ಹಳಿ ರಸ್ತೆ ದಾಟುವ ಗೇಟಿನ ತನಕ ಬಂದು ಉಸಿರು ಕಟ್ಟಿ ನಿಂತುಬಿಟ್ಟಿದ್ದಳು.

ಎಂಜಿನ್ನಿನಿಂದ ಒಬ್ಬ ಇಳಿದು ಬಸ್ಸಿನ ಕಿಟಕಿಯ ಬಳಿ ಬಂದ. ಮುಖವೆಲ್ಲ ಮಸಿ. ಕಣ್ಣು ಮಾತ್ರ ತೊಳೆದಿಟ್ಟ ಹಾಗೆ ಬೂದು ಬಣ್ಣದಲ್ಲಿ ಹೊಳೆಯುತ್ತಿದ್ದವು. ಅವನು ಬಹಳ ವಿನಯದಿಂದ, ಕಲಿತು ಒಪ್ಪಿಸುವವನಂತೆ, ನಮ್ಮ ವೆಲ್ಷ್ ಭಾಷೆಯಲ್ಲಿ ಹೇಳಿದ: "ದಯವಿಟ್ಟು ಐದು ನಿಮಿಷ ಮೂಸಿ."

ನಮ್ಮ ಭಾಷೆಯಲ್ಲಿ ಕಾಯುವುದಕ್ಕೂ ಮೂಸುವುದಕ್ಕೂ ನಡುವೆ ನಾಲಿಗೆ ಜಾರುವಷ್ಟೇ ಅಂತರ. ಬಸ್ಸಿನೊಳಗೆ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ನೆಸ್ಟಾ ನಗಲಿಲ್ಲ. "ಮೂಸೋಕೆ ಇನ್ನೇನು ಉಳಿದಿದೆ?" ಎಂದಳು. "ನಿಮ್ಮ ಹೊಗೆ ಎಲ್ಲ ನನ್ನ ಬಸ್ಸೊಳಗೇ ಇದೆ."

ಅವನಿಗೆ ತಪ್ಪು ಹೊಳೆದದ್ದು ಆಗ. ಮಸಿಯ ಕೆಳಗೂ ಕೆಂಪಾಗುವುದು ಕಾಣುವಷ್ಟು ಕೆಂಪಾದ. ಬಯ್ಯಲೆಂದೇ ಬಸ್ಸಿನಿಂದ ಇಳಿದ ನೆಸ್ಟಾ ಎಂಜಿನ್ನಿನ ಹತ್ತಿರ ಹೋದವಳು ಒಮ್ಮೆಗೇ ಮಾತು ನಿಲ್ಲಿಸಿದಳು. ಬಾಯ್ಲರ್ ಮೇಲೆ ಕೂತ ಹಿತ್ತಾಳೆಯ ಗುಮ್ಮಟ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಒಂದು ಮಗ್ಗುಲಲ್ಲಿ ಅಂಗೈ ಹಿಡಿಸುವಷ್ಟು ದೊಡ್ಡ ಒಂದು ತಗ್ಗು.

ಅದನ್ನು ಯಾಕೆ ಸರಿ ಮಾಡಿಲ್ಲ ಎಂದು ಕೇಳಿದಳು. ಮುಂದಿನ ವಾರ ಬಡಿದು ನೇರ ಮಾಡುತ್ತೇವೆ, ಅದೊಂದೇ ಬಾಕಿ ಎಂದ ಅವನು.

"ಮುಟ್ಟಬೇಡಿ ಅದನ್ನ." ಇಷ್ಟು ಹೇಳಿ ನೆಸ್ಟಾ ಬಸ್ಸು ಹತ್ತಿ ಬಾಗಿಲು ಹಾಕಿಕೊಂಡಳು.

ಅವನ ಹೆಸರು ಏಡ್ರಿಯನ್ ಕ್ರಾಬ್‌ಟ್ರೀ. ಇಂಗ್ಲೆಂಡಿನ ಓಲ್ಡಮ್ ಪಟ್ಟಣದವನು, ಬಾಯ್ಲರ್ ಕೆಲಸದವನು, ನಲವತ್ತೈದರ ಆಸುಪಾಸಿನವನು. ಈ ಎಂಜಿನ್ನಿಗಾಗಿಯೇ ಇದ್ದ ಮನೆ ಬಿಟ್ಟು ಬಂದು ಶೆಡ್ಡಿನ ಹಿಂದೆ ಒಂದು ಹಳೇ ಕ್ಯಾರವಾನ್ ಬಂಡಿಯಲ್ಲಿ ವಾಸವಾಗಿದ್ದ. ಮಾರನೆಯ ದಿನ ಬೆಳಿಗ್ಗೆ ಅವನು ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು ಬಸ್ ಸ್ಟಾಪಿನಲ್ಲಿ ನಿಂತಿದ್ದ.

ಎಲ್ಲಿಗೆ ಎಂದು ನೆಸ್ಟಾ ಕೇಳಿದಳು. ಕೊನೇ ಸ್ಟಾಪಿಗೆ ಎಂದ. ಅಲ್ಲಿಂದ ವಾಪಸ್ಸು.

ಅವನು ಹಿಂದಿನ ಸೀಟಿನಲ್ಲಿ ಕೂತ. ಡ್ರೈವರ್ ಸೀಟಿನ ಮೇಲಿದ್ದ ಕನ್ನಡಿಯಲ್ಲಿ ಆ ಬೂದುಗಣ್ಣು ಎರಡೂ ಸರಿಯಾಗಿ ಕಾಣುತ್ತಿದ್ದವು. ತಿರುವಿನಲ್ಲಿ ಅವಳು ನೋಡಿದರೆ ಅವನು ಕಿಟಕಿಯಾಚೆ ನೋಡುತ್ತಿದ್ದ. ಅವಳು ರಸ್ತೆ ನೋಡಿದಾಗ ಅವನು ಕನ್ನಡಿ ನೋಡುತ್ತಿದ್ದ. ಇದು ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾಗುತ್ತಿದೆ ಎಂಬುದು ಅವನಿಗೂ ಗೊತ್ತಾಗುತ್ತಿತ್ತು.

ಕೊನೇ ಸ್ಟಾಪಿನಲ್ಲಿ ಬಸ್ಸು ಖಾಲಿಯಾದ ಮೇಲೆ ನೆಸ್ಟಾ ತನ್ನ ಫ್ಲಾಸ್ಕಿನ ಚಹಾ ಎರಡು ಪಾಲು ಮಾಡಿದಳು. ಆಮೇಲೆ ಹೇಳಿದಳು.

ಅವಳ ಮುತ್ತಜ್ಜಿ ಮಾರ್ಗೆಡ್‌ಳ ಕಾಲದಲ್ಲಿ ಗಣಿಯಲ್ಲಿ ದೊಡ್ಡ ಮುಷ್ಕರ ನಡೆಯಿತು. ಮೂರನೆಯ ಚಳಿಗಾಲ ಬಂದಾಗ ಮನೆಗಳಲ್ಲಿ ಸುಡಲು ಕುರ್ಚಿಗಳೂ ಉಳಿದಿರಲಿಲ್ಲ. ಗಣಿಯ ಧಣಿ ಮುಷ್ಕರ ಮುರಿಯಲು ಹೊರಗಿನಿಂದ ಕೆಲಸಗಾರರನ್ನು ಕರೆಸಿದ. ಅವನು ತನ್ನ ಹೆಂಡತಿಯ ಹೆಸರಿಟ್ಟಿದ್ದ ಇದೇ ಎಂಜಿನ್ ಅವರನ್ನು ಎಳೆದುಕೊಂಡು ಊರೊಳಗಿಂದ ಹೋಯಿತು. ಹೆಂಗಸರೆಲ್ಲ ಹಳಿಯ ಪಕ್ಕ ಸಾಲಾಗಿ ನಿಂತಿದ್ದರು. ಬಸುರಿ ಮಾರ್ಗೆಡ್ ಒಂದು ಸ್ಲೇಟುಕಲ್ಲು ಎತ್ತಿ ಬೀಸಿದಳು. ಜೈಲಿಗೆ ಹೋದಳು, ನೆಸ್ಟಾಳ ಅಜ್ಜ ಹುಟ್ಟಿದ್ದು ಅಲ್ಲೇ. ಮುಷ್ಕರ ಸೋತಿತು. ಗಂಡಸರು ತಲೆ ತಗ್ಗಿಸಿ ಕೆಲಸಕ್ಕೆ ಮರಳಿದರು. ಆದರೆ ಆ ತಗ್ಗನ್ನು ಬಡಿದು ಸರಿ ಮಾಡಿ ಎಂದು ಧಣಿ ಎಷ್ಟು ಸಲ ಹೇಳಿದರೂ ಶೆಡ್ಡಿನವರಿಗೆ ಪುರುಸೊತ್ತೇ ಆಗಲಿಲ್ಲ. ಗಣಿ ಮುಚ್ಚುವ ತನಕ ಆಗಲಿಲ್ಲ.

ಏಡ್ರಿಯನ್, ಆ ತಗ್ಗಿನೊಳಗೆ ಹಿತ್ತಾಳೆ ಉಳಿದ ಕಡೆಗಿಂತ ತೆಳ್ಳಗಾಗಿದೆ ಎಂದ. ಆಗಿನ ಶೆಡ್ಡಿನವರು ಅಲ್ಲೇ ಹೆಚ್ಚು ಉಜ್ಜಿ ಹೊಳಪು ಬರಿಸಿದ್ದಾರೆ, ಯಾಕೆ ಎಂದು ತನಗೆ ಇಷ್ಟು ದಿನ ಅರ್ಥವಾಗಿರಲಿಲ್ಲ ಎಂದ.

ನೆಸ್ಟಾ ಲೋಟ ಕೆಳಗಿಟ್ಟು ಮುಖ ಅತ್ತ ತಿರುಗಿಸಿದಳು. ಈ ಮಾತು ಅವಳ ಮನೆಯವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಂದಿನಿಂದ ಅವನಿಗೆ ಬಸ್ಸಿನಲ್ಲಿ ಹೋಗಬೇಕಾದ ಒಂದಲ್ಲ ಒಂದು ಕೆಲಸ ದಿನಾ ಬೀಳತೊಡಗಿತು. ಅವಳಿಗೂ ಮನೆಗೆ ಹೋಗುವ ದಾರಿ ಶೆಡ್ಡಿನ ಮುಂದಿನಿಂದಲೇ ಹತ್ತಿರ ಅನ್ನಿಸತೊಡಗಿತು. ಅವನು ನಟ್ಟು ಬಿಗಿಯುವಾಗ ಅವಳು ಪೆಟ್ಟಿಗೆಯ ಮೇಲೆ ಕೂತು ಅವನ ವೆಲ್ಷ್ ತಿದ್ದುತ್ತಿದ್ದಳು. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ, ನಮ್ಮಲ್ಲಿ ಇದೆ. ಪುಸ್ತಕದಿಂದ ಕಲಿತ ಏಡ್ರಿಯನ್ ಎಲ್ಲರಿಗೂ ನೀವು ಎನ್ನುತ್ತಿದ್ದ. ಕುರಿ ಕಾಯುವ ನಾಯಿಗೂ "ತಾವು ಸ್ವಲ್ಪ ಆ ಕಡೆ ಹೋಗ್ತೀರಾ" ಎಂದು ಕೇಳಿದ್ದನ್ನು ನೆಸ್ಟಾ ಕಣ್ಣಾರೆ ಕಂಡಿದ್ದಳು.

"ನನ್ನ ನೀನು ಅನ್ನಬಹುದು," ಎಂದಳು ಒಂದು ಸಂಜೆ.

"ಧೈರ್ಯ ಬೇಕು ಅದಕ್ಕೆ," ಎಂದ ಅವನು, ನಟ್ಟಿನಿಂದ ಕಣ್ಣೆತ್ತದೆ.

ಮಾತು ಹರಡದಿದ್ದರೆ ಅದು ಊರೇ ಅಲ್ಲ. ನೆಸ್ಟಾಳ ಅಣ್ಣ ಇಡ್ವಾಲ್‌ನ ಕಿವಿಗೂ ಬಿತ್ತು. ಕುರಿ ಸಾಕುವ ಇಡ್ವಾಲ್ ಊರಿನ ಪ್ರಾರ್ಥನಾಮಂದಿರವಾದ ಚಾಪೆಲ್ಲಿನ ಹಿರಿಯರಲ್ಲೊಬ್ಬ, ನಕ್ಕರೆ ನಷ್ಟ ಎಂದುಕೊಂಡವನು. ಉಗಿಬಂಡಿ ಹುಚ್ಚರ ಮುಖ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ನಮ್ಮ ತಾತಂದಿರು ಕಲ್ಲಿನ ಧೂಳಿಗೆ ಕೆಮ್ಮಿ ಕೆಮ್ಮಿ ಸತ್ತ ಜಾಗದಲ್ಲಿ ಇವರು ಟೋಪಿ ಹಾಕಿಕೊಂಡು ಆಟ ಆಡುತ್ತಾರೆ ಎನ್ನುತ್ತಿದ್ದ.

"ಇಂಗ್ಲೆಂಡಿನವರು ಮೊದಲು ಬೆಟ್ಟ ತಗೊಂಡ್ರು," ಎಂದ ತಂಗಿಯ ಅಡುಗೆಮನೆಯಲ್ಲಿ ನಿಂತು. "ಆಮೇಲೆ ರಜೆಗೆ ಅಂತ ಮನೆ ತಗೊಂಡ್ರು. ಈಗ ನಿನ್ನ."

"ನನ್ನ ಯಾರೂ ತಗೊಂಡಿಲ್ಲ," ಎಂದಳು ನೆಸ್ಟಾ. "ನಾನೇ ಹೋಗ್ತಿರೋದು."

ಇತ್ತ ಸಂಘದಲ್ಲಿ ಬೇರೊಂದು ತಕರಾರು ಎದ್ದಿತು. ಅಧ್ಯಕ್ಷ ಪೆನ್‌ಫೋಲ್ಡ್ ಮೃದು ಮಾತಿನವನು, ಯಾರ ಮನಸ್ಸನ್ನೂ ನೋಯಿಸದೆ ತನ್ನ ಕೆಲಸ ಮಾಡಿಸಿಕೊಳ್ಳುವವನು. ಲೇಡಿ ಆಗಸ್ಟಾಳ ಮೊದಲ ಪ್ರವಾಸದ ದಿನ ನಿಗದಿಯಾಗಿತ್ತು. ಗಣಿಯ ಧಣಿಯ ಮರಿಮಗ ಮುಖ್ಯ ಅತಿಥಿ. ಅವನ ಮುತ್ತಜ್ಜಿಯ ಹೆಸರಿನ ಎಂಜಿನ್ ತಗ್ಗುಬಿದ್ದ ಗುಮ್ಮಟ ಹೊತ್ತು ನಿಲ್ಲಬಾರದು, ಸೋಮವಾರವೇ ಅದನ್ನು ವರ್ಕ್‌ಶಾಪಿಗೆ ಕಳಿಸುವುದು ಎಂದು ಪೆನ್‌ಫೋಲ್ಡ್ ತಿಳಿಸಿದ. ಏಡ್ರಿಯನ್ ಆಗುವುದಿಲ್ಲ ಎಂದ. ಇದು ಸಂಘದ ಸ್ವತ್ತು, ನಿನ್ನದಲ್ಲ ಎಂದು ಪೆನ್‌ಫೋಲ್ಡ್ ನಗುತ್ತಲೇ ನೆನಪಿಸಿದ.

ಭಾನುವಾರ ಬೆಳಿಗ್ಗೆ ನೆಸ್ಟಾ ಬಾಗಿಲು ತೆಗೆದಾಗ ಏಡ್ರಿಯನ್ ಕಂಬಳಿ ಸುತ್ತಿದ ಗುಮ್ಮಟವನ್ನು ಮಗುವಿನಂತೆ ಎದೆಗವಚಿಕೊಂಡು ನಿಂತಿದ್ದ. ಅದು ಬರೀ ಮೇಲುಹೊದಿಕೆ. ಅದಿಲ್ಲದೆಯೂ ಎಂಜಿನ್ ಓಡುತ್ತದೆ, ನೋಡಲು ಬೋಳಾಗಿರುತ್ತದೆ ಅಷ್ಟೇ.

"ಇಟ್ಕೋ ಇದನ್ನ," ಎಂದ. "ನಿನ್ನ ಹತ್ರ ಇದ್ರೆ ಯಾರೂ ಮುಟ್ಟಲ್ಲ."

ನೆಸ್ಟಾ ಗುಮ್ಮಟದ ಕಡೆ ನೋಡಲಿಲ್ಲ. ಅವನ ಮುಖವನ್ನೇ ನೋಡಿದಳು. "ಧೈರ್ಯ ಬಂತಾ?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕಿವಿಯ ತುದಿಯಿಂದ ಶುರುವಾಗಿ ಕುತ್ತಿಗೆಯ ತನಕ ಕೆಂಪಾದ. ಅವಳು ಗುಮ್ಮಟ ತೆಗೆದುಕೊಳ್ಳುವಾಗ ಇಬ್ಬರ ಬೆರಳೂ ಕಂಬಳಿಯ ಕೆಳಗೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಸಿಕ್ಕಿಕೊಂಡವು.

ಅದೇ ಮಧ್ಯಾಹ್ನ ಊಟಕ್ಕೆ ಬಂದ ಇಡ್ವಾಲ್, ಮೂಲೆಯಲ್ಲಿ ಮೇಜುಬಟ್ಟೆ ಹೊದ್ದು ಕೂತದ್ದು ಏನೆಂದು ಎತ್ತಿ ನೋಡಿದ. ನೆಸ್ಟಾ ಮುಚ್ಚಿಡಲಿಲ್ಲ, ಅಧ್ಯಕ್ಷ ಏನು ಹೇಳಿದ, ಏಡ್ರಿಯನ್ ಏನು ಮಾಡಿದ ಎಲ್ಲ ಹೇಳಿದಳು. ಇಡ್ವಾಲ್ ಮಂಡಿಯೂರಿ ಕೂತು ತನ್ನ ಒರಟು ಅಂಗೈಯನ್ನು ಆ ತಗ್ಗಿನೊಳಗಿಟ್ಟ. ಚಿಕ್ಕಂದಿನಿಂದ ಕೇಳಿದ್ದನೇ ಹೊರತು ಅವನು ಒಮ್ಮೆಯೂ ಅದನ್ನು ಮುಟ್ಟಿರಲಿಲ್ಲ. ಊಟ ಆರಿತು. ಅವನು ಏಳಲಿಲ್ಲ.

ಪ್ರವಾಸದ ದಿನ ಬಿಸಿಲು ಚೆನ್ನಾಗಿತ್ತು. ಎಲ್ಲೆಲ್ಲಿಂದಲೋ ಬಂದ ಹುಚ್ಚರು ಕ್ಯಾಮೆರಾ ಹಿಡಿದು ಪ್ಲಾಟ್‌ಫಾರ್ಮ್ ತುಂಬ ನೆರೆದಿದ್ದರು. ಲೇಡಿ ಆಗಸ್ಟಾ ಉಗಿ ಉಸಿರಾಡುತ್ತ ನಿಂತಿದ್ದಳು, ಬೋಳು ತಲೆಯಲ್ಲಿ. ಗುಮ್ಮಟ ಎಲ್ಲಿ ಎಂದು ಪೆನ್‌ಫೋಲ್ಡ್ ವಾರವಿಡೀ ಕೇಳಿದ್ದ. ಆ ದಿನ ಬರುತ್ತದೆ ಎಂಬುದಷ್ಟೇ ಏಡ್ರಿಯನ್‌ನ ಉತ್ತರವಾಗಿತ್ತು. ಆಗಸ್ಟಾಳನ್ನು ಓಡಿಸಲು ಪೂರ್ತಿ ಪಳಗಿದವನು ಅವನೊಬ್ಬನೇ ಇದ್ದುದರಿಂದ ಪೆನ್‌ಫೋಲ್ಡ್ ಹಲ್ಲು ಕಚ್ಚಿ ಸಹಿಸಿದ್ದ.

ಅಷ್ಟರಲ್ಲಿ ಬಸ್ಸು ಬಂತು. ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡು ಗುಮ್ಮಟ ಕೂತಿತ್ತು. ಅದರ ಹಿಂದೆ ಊರಿನ ಹೆಂಗಸರು; ಒಬ್ಬೊಬ್ಬರೂ ಚಾಪೆಲ್ಲಿಗೆ ಉಡುವ ಬಟ್ಟೆಯಲ್ಲಿ. ಈ ಸ್ಟೇಷನ್ನಿಗೆ ಈ ತನಕ ಕಾಲಿಡದವರು. ಕೊನೆಗೆ ಕರಿ ಕೋಟಿನ ಇಡ್ವಾಲ್ ಇಳಿದ, ಗುಮ್ಮಟವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಜನರ ನಡುವೆ ನಡೆದು ಬಂದ.

"ನಾನು ನಿನಗೋಸ್ಕರ ಬಂದಿಲ್ಲ," ಎಂದ, ಅದನ್ನು ಏಡ್ರಿಯನ್‌ಗೆ ಕೊಡುತ್ತ.

"ಗೊತ್ತು," ಎಂದ ಏಡ್ರಿಯನ್.

ಅವನು ಗುಮ್ಮಟ ಕೂರಿಸಿದ. ತಗ್ಗನ್ನು ಆಚೆ ಬದಿಗೆ ತಿರುಗಿಸಬಹುದಿತ್ತು. ಅವನು ಸರಿಯಾಗಿ ಪ್ಲಾಟ್‌ಫಾರ್ಮಿನ ಕಡೆಗೇ ತಿರುಗಿಸಿ ಬಿಗಿದ. ಬಿಸಿಲು ಅದರೊಳಗೆ ಬಿದ್ದು ಹೊಳೆಯಿತು.

ಅತಿಥಿ ವಯಸ್ಸಾದವನು. ಅದೇನು ಎಂದು ಕೋಲಿನಿಂದ ತೋರಿಸಿ ಕೇಳಿದ. ಸಾಗಿಸುವಾಗ ತಗುಲಿರಬೇಕು ಎಂದು ಪೆನ್‌ಫೋಲ್ಡ್ ತಡವರಿಸಿದ.

"ಅಲ್ಲ," ಎಂದಳು ನೆಸ್ಟಾ. ಇಡೀ ಪ್ಲಾಟ್‌ಫಾರ್ಮಿಗೆ ಕೇಳಿಸಿತು. "ನಿಮ್ಮ ಮುತ್ತಾತ ನಮ್ಮ ಊರನ್ನ ಉಪವಾಸ ಕೆಡವಿದ್ರು. ನಮ್ಮ ಮುತ್ತಜ್ಜಿ ಕಲ್ಲು ಹೊಡೆದ್ರು. ಅದು ಆ ಗುರುತು."

ಅತಿಥಿ ಅವಳನ್ನು ನೋಡಿದ, ಗುಮ್ಮಟ ನೋಡಿದ, ತನ್ನ ಬೋಗಿಗೆ ಹೋಗಿ ಕೂತ. ಆ ದಿನದ ಭಾಷಣ ನಡೆಯಲಿಲ್ಲ.

ಪೆನ್‌ಫೋಲ್ಡ್ ಎಂಜಿನ್ನಿನ ಬಳಿ ಬಂದು ತಗ್ಗಿದ ದನಿಯಲ್ಲಿ ಏಡ್ರಿಯನ್‌ಗೆ ಇಳಿ ಎಂದ.

"ಇಳೀತೀನಿ. ಮೇಲೆ ಹೋಗಿ ಬಂದ ಮೇಲೆ," ಎಂದ ಏಡ್ರಿಯನ್. ಹೊರಗಿನವರು ಎಂಜಿನ್ ಹತ್ತಕೂಡದು ಎಂಬುದು ಸಂಘದ ನಿಯಮ. ಅವನು ಬಗ್ಗಿ ನೆಸ್ಟಾಗೆ ಕೈ ಚಾಚಿದ. ಅವಳು ಒಳ್ಳೆಯ ಕೋಟಿನ ಚಿಂತೆ ಬಿಟ್ಟು ಹತ್ತಿದಳು.

ಬಂಡಿ ಬೆಟ್ಟ ಏರಿತು. ಬೆಂಕಿಯ ಕಾವಿಗೆ ಅವಳ ಕೆನ್ನೆ ಹೊಳೆಯುತ್ತಿತ್ತು. ಗಾಳಿಗೆ ಕೂದಲು ಬಿಚ್ಚಿ ಅವನ ತೋಳಿಗೆ ತಾಗುತ್ತಿತ್ತು. ಹೆಂಗಸರು ಅಂದು ಸಾಲಾಗಿ ನಿಂತಿದ್ದ ತಿರುವು ಬಂದಾಗ ಅವನು ಸೀಟಿ ಊದಿದ, ಉದ್ದಕ್ಕೆ.

"ಇವತ್ತಾದ ಮೇಲೆ ಇವರು ನನ್ನ ಎಂಜಿನ್ ಮುಟ್ಟೋಕೆ ಬಿಡಲ್ಲ," ಎಂದ. "ನಾನು ಬಂದಿದ್ದೇ ಎಂಜಿನ್ನಿಗೆ. ಆದ್ರೂ ಊರು ಬಿಡೋಕೆ ಮನಸ್ಸಿಲ್ಲ."

"ಯಾಕೆ?"

"ಗೊತ್ತಿದ್ದೂ ಕೇಳ್ತೀಯಲ್ಲ."

"ಬಾಯಿಬಿಟ್ಟು ಹೇಳು. ಕನ್ನಡೀಲಿ ನೋಡಿದ್ದು ಸಾಕು."

ಅವನು ಹೇಳಿದ. ಉಗಿಯ ಸದ್ದಿನಲ್ಲಿ ಕೇಳಿಸಲಿಲ್ಲ ಎಂದಳು. ಇನ್ನೊಮ್ಮೆ ಹೇಳಿದ. ಇನ್ನೂ ಕೇಳಿಸಲಿಲ್ಲ ಎಂದು ಕೆಳತುಟಿ ಕಚ್ಚಿಕೊಂಡಳು. ಮೂರನೆಯ ಸಲ ಅವನು ಕೂಗಿಯೇ ಹೇಳಿದ್ದು ಎಂಜಿನ್ನಿನ ಹಿಂದಿನ ಬೋಗಿಯ ಹೆಂಗಸರಿಗೂ ಕೇಳಿಸಿತು, ಪ್ರಾಯಶಃ ಅತಿಥಿಗೂ. ನೆಸ್ಟಾ ಅವನ ಮಸಿ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟಳು. ಮೇಲಿನ ಸ್ಟೇಷನ್ನಿನಲ್ಲಿ ಇಳಿದಾಗ ಅವಳ ಮೂಗು, ಗಲ್ಲ ಕರ್ರಗಿದ್ದವು. ಅವಳು ಒರೆಸಿಕೊಳ್ಳಲಿಲ್ಲ.

ಸಂಘ ಏಡ್ರಿಯನ್‌ನನ್ನು ಹೊರಗೆ ಹಾಕಿತು. ಕ್ಯಾರವಾನ್ ಎತ್ತಿಕೊಂಡು ಹೋಗು ಎಂದಿತು. ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದವನು ಇಡ್ವಾಲ್. ಚಾಪೆಲ್ಲಿನ ಎದುರಿಗಿದ್ದ ತನ್ನ ಹುಲ್ಲುಗಾವಲಿನಲ್ಲಿ ನಿಲ್ಲಿಸಿ, ಮದುವೆಯಾಗುವ ತನಕ ಅವನು ಇಲ್ಲಿ, ನೀನು ನಿನ್ನ ಮನೆಯಲ್ಲಿ ಎಂದು ತಂಗಿಗೆ ಕಟ್ಟುನಿಟ್ಟಾಗಿ ಹೇಳಿದ. ಜನ ಮಾತಾಡುತ್ತಾರೆ ಎಂದ.

"ಮಾತಾಡ್ಲಿ," ಎಂದಳು ನೆಸ್ಟಾ.

ಮುಂದಿನ ಭಾನುವಾರ ಚಾಪೆಲ್ಲಿನ ಪ್ರಾರ್ಥನೆ ಮುಗಿದು ಜನ ಹೊರಬರುವ ಹೊತ್ತಿಗೆ ಅವಳು ಕ್ಯಾರವಾನಿನ ಮೆಟ್ಟಿಲ ಮೇಲೆ ಏಡ್ರಿಯನ್‌ನ ಪಕ್ಕದಲ್ಲಿ ಕೂತಿದ್ದಳು. ತಲೆ ಬಾಚಿರಲಿಲ್ಲ. ಕಾಲಲ್ಲಿ ಅವನ ಚಪ್ಪಲಿ. ಅವನು ಸಂಕೋಚದಿಂದ ಒಳಗೆ ಹೋಗಲು ಎದ್ದಾಗ ಕೈ ಹಿಡಿದು ಕೂರಿಸಿದಳು. ಗೇಟು ದಾಟಿ ಬಂದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಮಾತಾಡಿಸಿದಳು. ಹಲವರು ನಿಂತು ಮಾತಾಡಿದರು. ಕೆಲವರು ಕೇಳಿಸದವರಂತೆ ಮುಖ ತಿರುಗಿಸಿ ನಡೆದರು.

ಅಂಥವರ ಹೆಸರನ್ನು ಅವಳು ಇನ್ನೊಂದು ಸಲ, ಇನ್ನೂ ಜೋರಾಗಿ ಕರೆದಳು. ಅವನ ಕೈ ಮಾತ್ರ ಬಿಡಲಿಲ್ಲ.