ಏಳು ದಿನದ ಸಣ್ಣ ಬೆಂಕಿ

ಸದ್ದು ಮೊದಲು ಬಂದಿತೋ, ಹೊಗೆ ಮೊದಲು ಕಂಡಿತೋ? ಠಾಣೆಯಲ್ಲಿ ಹೇಳಿಕೆಗೆ ರುಜು ಹಾಕುವಾಗ ನಾನು ಸದ್ದು ಎಂದಿದ್ದೆ. ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಅದು ತಪ್ಪಿರಬಹುದು ಅನ್ನಿಸಿತು. ಒಲೆಯ ಬಾಯಿಂದಲ್ಲ, ಅದರ ಬೆನ್ನಿನಿಂದ, ಹೊಸ ಗಿಲಾವಿನ ಮೇಲೆ ಗೆರೆ ಎಳೆದಂತೆ ತೆಳ್ಳಗೆ ಹೊಗೆ ಏಳುತ್ತಿದ್ದುದನ್ನು ನಾನು ಕಂಡಿದ್ದೆನಲ್ಲವೇ? ಕಂಡಿದ್ದರೆ ಆಗಲೇ ಏಕೆ ಬಾಯಿಬಿಡಲಿಲ್ಲ? ಅಥವಾ ಅದು ಆಮೇಲೆ ನನ್ನ ಮನಸ್ಸು ಕಟ್ಟಿಕೊಂಡ ಚಿತ್ರವೋ?

ಆ ಭಾನುವಾರ ಗೆರಾರ್ದೊ ಇಯಾನ್ನೂತ್ಸಿಯ ಅಂಗಳದಲ್ಲಿ ಮೊಮ್ಮಗಳು ಚರ್ಚಿನಲ್ಲಿ ಮೊದಲ ಬಾರಿ ಪ್ರಸಾದ ಸ್ವೀಕರಿಸಿದ ಸಂಭ್ರಮದ ಊಟ, ನನ್ನನ್ನೂ ಕರೆದಿದ್ದರು. ಭೂಕಂಪದಲ್ಲಿ ಉರುಳಿದ ತನ್ನ ಹಳೆಯ ಮನೆಯ ಇಟ್ಟಿಗೆಗಳನ್ನು ಹತ್ತು ವರ್ಷ ಕೂಡಿಟ್ಟು, ಗೆಳೆಯ, ಮೇಸ್ತ್ರಿ ಸಬೀನೊನ ಜೊತೆ ಸೇರಿ ಗೆರಾರ್ದೊ ಅಂಗಳದ ಮೂಲೆಯಲ್ಲಿ ಪಿಟ್ಸಾ ಒಲೆ ಕಟ್ಟಿದ್ದ. ಅಂದು ಅದಕ್ಕೆ ಮೊದಲ ಪೂರ್ಣ ಬೆಂಕಿ. ನಾಲ್ಕನೇ ಪಿಟ್ಸಾ ತಿರುಗಿಸಲು ಅವನು ಬಾಗಿದ್ದಾಗ ಗುಮ್ಮಟ ಒಳಕ್ಕೆ ಕುಸಿಯಿತು. ಕೆಂಡವೆಲ್ಲ ಒಲೆಯ ಬಾಯಿಂದ ಅವನ ಮುಖದ ಮೇಲೆ ಬಂತು. ಬುಧವಾರ ನೇಪಲ್ಸಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಗುರುವಾರ ಬೆಳಿಗ್ಗೆ ಸಬೀನೊನ ಹೆಂಡತಿ ರಕೇಲೆ ನಮ್ಮ ಬಾಗಿಲಿಗೆ ಬಂದಳು. ನಮ್ಮ ಎಂದರೆ ಊರೆಲ್ಲ ಗೌರವದಿಂದ ದೊನ್ನ ಎಂದು ಕರೆಯುವ ಎರ್ಸೀಲಿಯ ಅವರ ಬಾಗಿಲು. ನಾನು ಮೇಲಿನ ಮಹಡಿಯ ಬಾಡಿಗೆದಾರ. ತತ್ವಶಾಸ್ತ್ರ ಓದಿ, ರಜೆ ಹಾಕಿದವರ ಬದಲಿಗೆ ಶಾಲೆಯಲ್ಲಿ ಪಾಠ ಮಾಡುವವನು. ಎರ್ಸೀಲಿಯ ನಮ್ಮೂರು ರೊಕ್ಕಾಲ್ತದ ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೂತು ನಿವೃತ್ತರಾದವರು. ಊರಿನಲ್ಲಿ ಯಾವುದು ಕಳೆದರೂ, ಯಾರು ಅಕಾಲದಲ್ಲಿ ಸತ್ತರೂ ಜನ ಠಾಣೆಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬರುತ್ತಿದ್ದರು.

ರಕೇಲೆ ಕುರ್ಚಿಯ ತುದಿಯಲ್ಲಿ ಕೂತಳು. ಸಬೀನೊನನ್ನು ಠಾಣೆಯಲ್ಲಿ ಕೂಡಿಹಾಕಿದ್ದರು. ಗುಮ್ಮಟ ಬಿರುಕು ಬಿಟ್ಟಿತ್ತು, ಅದನ್ನು ಮೇಸ್ತ್ರಿಯೇ ಗಿಲಾವಿನಲ್ಲಿ ಮುಚ್ಚಿಹಾಕಿದ, ಒಂದು ಜೀವ ಹೋಯಿತು ಎಂಬುದು ಅಧಿಕಾರಿಯ ಲೆಕ್ಕ. ಅರವತ್ತೆಂಟು ವರ್ಷದವನಿಗೆ ಜೈಲು ಎಂದರೆ ಅಲ್ಲಿಂದ ಹೊರಗೆ ಬರುವುದಿಲ್ಲ ಎಂದೇ ಅರ್ಥ.

"ಅವರೇನು ಹೇಳ್ತಾರೆ?" ಎಂದು ಎರ್ಸೀಲಿಯ ಕೇಳಿದರು.

"ಗಿಲಾವು ನಂದೇ ಅಂತಾರೆ ಅಷ್ಟೇ. ಆಮೇಲೆ ಗೋಡೆ ನೋಡ್ಕೊಂಡು ಕೂತ್ಕೋತಾರೆ. ಮನೇಲೂ ಹಂಗೇ ದೊನ್ನ ಎರ್ಸೀಲಿಯ, ನಲವತ್ತು ವರ್ಷದಿಂದ ನಾನೇ ಇಬ್ಬರ ಮಾತೂ ಆಡ್ತಿದೀನಿ. ಆದ್ರೆ ಗಿಲಾವು ಹೋದ ಗುರುವಾರ ಆಗಿದ್ದು ಅಂತ ಅವರೆಲ್ಲ ಹೇಳ್ತಿದಾರೆ. ಗುರುವಾರ ಇವರು ಬೆಳಿಗ್ಗೆಯಿಂದ ಸಂಜೆತನಕ ಪಕ್ಕದೂರು ಲಿಯೋನಿಯ ಸ್ಮಶಾನದ ಗೋಡೆ ಕಟ್ತಿದ್ರು. ಬುತ್ತಿ ಕಟ್ಟಿಕೊಟ್ಟಿದ್ದು ನಾನೇ."

"ಅದನ್ನ ಅಧಿಕಾರಿಗೆ ಹೇಳಿದ್ಯಾ?"

"ಹೇಳ್ದೆ. ಹೆಂಡತಿ ಮತ್ತಿನ್ನೇನು ಹೇಳ್ತಾಳೆ ಅಂದ್ರು."

ಎರ್ಸೀಲಿಯ ಕೇಳಿದ್ದಕ್ಕೆ ಅವಳು ಮತ್ತಷ್ಟು ಹೇಳಿದಳು. ಹೊಸ ಒಲೆಯ ಮೈಯಲ್ಲಿ ನೀರಿರುತ್ತದೆ. ಅದನ್ನು ಹೊರಗೆ ಕಳಿಸಲು ಏಳು ದಿನ ಬೆಂಕಿ, ಮೊದಲ ದಿನ ಬರೀ ದ್ರಾಕ್ಷಿ ಬಳ್ಳಿಯ ಕಡ್ಡಿ, ಆಮೇಲೆ ದಿನಕ್ಕೊಂದು ಹಿಡಿ ಹೆಚ್ಚು. ಏಳನೆಯ ಬೆಂಕಿ ಆರಿದ ಮೇಲೆಯೇ ಸುಣ್ಣದ ಗಿಲಾವು, ಗಿಲಾವಿನ ಮೇಲೆ ನಾಲ್ಕು ದಿನ ಒದ್ದೆ ಗೋಣಿಚೀಲ. ಸಬೀನೊ ಇದರಲ್ಲಿ ಒಂದು ದಿನವನ್ನೂ ಬಿಟ್ಟವನಲ್ಲ. ಹೋದ ವಾರದ ಬುಧವಾರ, ಮೂರನೆಯ ಬೆಂಕಿಯ ದಿನ, ಗೆಳೆಯರಿಬ್ಬರಿಗೂ ಮಾತು ಬೆಳೆಯಿತು. ಗೆರಾರ್ದೊನ ಅಳಿಯ ಲುಚಾನೊ ಸಲೆರ್ನೊ ಪಟ್ಟಣದಲ್ಲಿ ಪಿಟ್ಸಾ ಮಾಡುವವನು. ಕಡ್ಡಿ ಬೆಂಕಿಯೆಲ್ಲ ಮುದುಕರ ಆಟ ಎಂದು ಅವನು ಮಾವನ ಕಿವಿ ಕಚ್ಚಿದ್ದ. ಗೆರಾರ್ದೊ ಅದನ್ನೇ ಸಬೀನೊನ ಮುಂದೆ ಅಂದ. ಇನ್ನು ನೀನು ಬರಬೇಡ, ಭಾನುವಾರದ ಊಟಕ್ಕೂ ಬೇಡ ಎಂದೂ ಅಂದುಬಿಟ್ಟ. ಸಬೀನೊ ಗೋಣಿಚೀಲಗಳನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದಿದ್ದ.

"ಆದ್ರೂ ಭಾನುವಾರ ಊಟಕ್ಕಿದ್ದ" ಎಂದೆ ನಾನು. "ಗೆರಾರ್ದೊನ ಬಲಗಡೆಗೇ ಕೂತಿದ್ದ."

"ಅದು ಹೆಂಗೆ ಅಂತ ನಂಗೂ ಹೇಳಿಲ್ಲ" ಎಂದಳು ರಕೇಲೆ.

ಅವಳು ಹೋದ ಮೇಲೆ ನಾನು ಹೊಗೆಯ ವಿಷಯ ಹೇಳಿದೆ. "ಮೇಷ್ಟ್ರೇ, ನಿಮ್ಮ ತಲೇಲಿ ಇರೋದರಲ್ಲಿ ಅರ್ಧವಾದ್ರೂ ಬಾಯಿಗೆ ಬಂದಿದ್ರೆ ಊರಿಗೆ ಉಪಯೋಗ ಆಗ್ತಿತ್ತು" ಎಂದು ಎರ್ಸೀಲಿಯ ಕೋಲು ತೆಗೆದುಕೊಂಡು ಎದ್ದರು.

ಅಂಗಳದಲ್ಲಿ ಗೆರಾರ್ದೊನ ಮಗ ವಿತೊ ಒಬ್ಬನೇ ಕುರ್ಚಿಗಳನ್ನು ಮಡಚುತ್ತಿದ್ದ. ಒಲೆಯ ಅರ್ಧ ಮೈ ನಿಂತಿತ್ತು, ಉಳಿದದ್ದು ರಾಶಿ ಬಿದ್ದಿತ್ತು. ಎರ್ಸೀಲಿಯ ಬಿದ್ದ ಗಿಲಾವಿನ ಒಂದು ಚಕ್ಕೆಯನ್ನು ಎತ್ತಿ, ಹಿಂಬದಿ ತಿರುಗಿಸಿ ನನಗೆ ತೋರಿಸಿದರು. ಸುಣ್ಣ ಬಿರುಕಿನೊಳಗೆ ಇಳಿದು ಗಟ್ಟಿಯಾಗಿ, ನಾಲಗೆಯಂತೆ ಚಾಚಿಕೊಂಡಿತ್ತು. ಆ ನಾಲಗೆಯ ಎರಡು ಪಕ್ಕಕ್ಕೂ ಮಸಿ ಅಂಟಿತ್ತು. ಆಮೇಲೆ ಮುಂಬದಿಯ ಮೇಲೆ ಬೆರಳಾಡಿಸಿದರು. ನಾನೂ ಆಡಿಸಿದೆ. ನಯವಾದ ನೇಯ್ಗೆಯ ಅಚ್ಚು, ಅದರ ಅಂಚಿಗೆ ಏಣಿಯ ಮೆಟ್ಟಿಲಿನಂಥ ಸಣ್ಣ ಸಣ್ಣ ಕಿಂಡಿಗಳ ಸಾಲು. ಅವರು ಅದನ್ನು ಚೀಲಕ್ಕೆ ಹಾಕಿಕೊಂಡರು.

ವಿತೊ ಒಲೆಯ ಕಡೆ ನೋಡಲಿಲ್ಲ. ಅಂಗಳ ಮಾರಿಬಿಡಿ ಎಂದು ತಂದೆಗೆ ತಾನು ಹೇಳುತ್ತಿದ್ದುದು ನಿಜ, ಅದಕ್ಕೇ ಊರು ತನ್ನ ಕಡೆಗೂ ಕಣ್ಣು ಹಾಕುತ್ತಿದೆ ಎಂದ. ಹೋದ ಗುರುವಾರ ತಂದೆಯ ಕಣ್ಣಿನ ಪೊರೆ ತೋರಿಸಲು ಇಬ್ಬರೂ ಅವೆಲ್ಲಿನೊ ಪಟ್ಟಣಕ್ಕೆ ಹೋಗಿದ್ದರಂತೆ, ವಾಪಸಾದದ್ದು ಏಳು ಗಂಟೆಗೆ.

"ಬಂದಾಗ ಗಿಲಾವು ಇತ್ತಾ?"

"ಇತ್ತಂತೆ. ನಾನು ನೋಡಿದ್ದು ಮಾರನೇ ದಿನ. ಭಾನುವಾರಕ್ಕೆ ಚೆಂದ ಕಾಣಲಿ ಅಂತ ಸಬೀನೊ ಬೇಗನೇ ಬಂದು ಮಾಡಿ ಹೋದ ಅಂತ ಅಕ್ಕ ಫೋನಿನಲ್ಲಿ ಅಪ್ಪಂಗೆ ಹೇಳಿದ್ಲು. ಅಪ್ಪ ಆ ರಾತ್ರಿ ಊಟಾನೇ ಮಾಡ್ಲಿಲ್ಲ, ಅಂಥವನಿಗೆ ಹಂಗಂದೆನಲ್ಲ ಅಂತ."

ಅಕ್ಕ ಎಂದರೆ ಓರ್ನೆಲ್ಲ, ಲುಚಾನೊನ ಹೆಂಡತಿ. ತಾವಿಬ್ಬರೂ ಶುಕ್ರವಾರ ಬಂದದ್ದು ಎಂದು ಅವರು ಠಾಣೆಯಲ್ಲಿ ಬರೆಸಿದ್ದರು.

ಹೊರಡುವಾಗ ಎರ್ಸೀಲಿಯ ನನ್ನನ್ನು ಭಾನುವಾರದ ಬಗ್ಗೆ ಕೇಳಿದರು. ಪಿಟ್ಸಾ ಮಾಡುವ ಅಳಿಯ ಇರುವಾಗ ಕಣ್ಣು ಮಂಜಾದ ಮಾವ ಏಕೆ ಒಲೆಯ ಮುಂದೆ ನಿಂತ? ನಾನು ನೆನಪು ಮಾಡಿಕೊಂಡೆ. ಗೆರಾರ್ದೊ ಅಳಿಯನನ್ನು ಕರೆದಿದ್ದ. ಲುಚಾನೊ ಅಂಗಳದ ಆ ತುದಿಯಿಂದಲೇ, "ಇವತ್ತು ನಿಮ್ಮ ದಿನ ಮಾವ, ನಿಮ್ಮ ಒಲೆ, ನೀವೇ ಮಾಡಿ" ಎಂದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ನಾನೂ ತಟ್ಟಿದ್ದೆ.

ಶುಕ್ರವಾರ ಗೆರಾರ್ದೊನನ್ನು ಮಣ್ಣು ಮಾಡಿದರು. ಶನಿವಾರ ಮಧ್ಯಾಹ್ನ ಎರ್ಸೀಲಿಯ ಎಲ್ಲರನ್ನೂ ಅವನ ಅಡುಗೆಮನೆಗೆ ಕರೆಸಿದರು. ವಿತೊ, ಓರ್ನೆಲ್ಲ, ಲುಚಾನೊ ಮೇಜಿನ ಒಂದು ಕಡೆ. ಸಬೀನೊ, ರಕೇಲೆ ಇನ್ನೊಂದು ಕಡೆ. ಠಾಣೆಯ ಅಧಿಕಾರಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದ.

ಎರ್ಸೀಲಿಯ ಮೊದಲು ಲುಚಾನೊ ಕಡೆ ತಿರುಗಿ, ನಿನ್ನ ಕೆಲಸದ ಒಲೆಯನ್ನು ದಿನಾ ಬೆಳಿಗ್ಗೆ ಹೇಗೆ ಹಚ್ಚುತ್ತೀಯ ಎಂದು ಸುಮ್ಮನೆ ಲೋಕಾಭಿರಾಮದಂತೆ ಕೇಳಿದರು.

ಲುಚಾನೊ ಅಂದಿನ ಮಟ್ಟಿಗೆ ಮೊದಲ ಸಲ ಸಲೀಸಾಗಿ ಮಾತಾಡಿದ. "ಅದು ಆರೋದೇ ಇಲ್ಲ ದೊನ್ನ ಎರ್ಸೀಲಿಯ. ಹದಿನಾರು ವರ್ಷದಿಂದ ಬಿಸಿಯಾಗೇ ಇದೆ. ಬೆಳಿಗ್ಗೆ ನಾಲ್ಕು ಓಕ್ ಸೌದೆ ತಳ್ಳಿದ್ರೆ ಒಂದು ಗಂಟೇಲಿ ರೆಡಿ."

"ಹೊಸ ಒಲೇನ ಯಾವತ್ತಾದ್ರೂ ಹಚ್ಚಿದ್ದೀಯಾ?"

ಅವನು ಹೆಂಡತಿಯ ಕಡೆ ನೋಡಿದ. ಎರ್ಸೀಲಿಯ ಅವಳ ಕಡೆ ತಿರುಗಿದರು.

"ಓರ್ನೆಲ್ಲ, ನಿಮ್ಮಮ್ಮನ ಹನ್ನೆರಡು ಜನರ ಮೇಜಿನ ಬಟ್ಟೆ ತಗೊಂಡು ಬಾಮ್ಮ. ಇಷ್ಟು ಜನ ಕೂತಿದೀವಿ, ಬರೀ ಹಲಗೆ ಚೆನ್ನಾಗಿರಲ್ಲ."

ಓರ್ನೆಲ್ಲ ಏಳಲಿಲ್ಲ. ಒಗೆಯಲು ಹಾಕಿದೆ ಎಂದಳು.

"ಭಾನುವಾರ ನಾನೂ ಕೇಳ್ದೆ" ಎಂದ ವಿತೊ ನಿಧಾನವಾಗಿ. "ನೀನು ಮೇಜಿಗೆ ಕಾಗದ ಹಾಸಿದ್ದೆ. ಆಗ್ಲೂ ಒಗೆಯೋಕೆ ಹಾಕಿದೀನಿ ಅಂದೆ. ಭೂಕಂಪದ ಕಲ್ಲಿನ ರಾಶಿ ಕೆದಕಿ ಅಮ್ಮನ ಪೆಟ್ಟಿಗೆಯಿಂದ ತೆಗೆದ ಬಟ್ಟೆ ಅಕ್ಕ ಅದು."

ಎರ್ಸೀಲಿಯ ಚೀಲದಿಂದ ಗಿಲಾವಿನ ಚಕ್ಕೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದರು. ಬಿರುಕಿಗೆ ಇಳಿದ ಸುಣ್ಣಕ್ಕೆ ಪಕ್ಕದಲ್ಲೆಲ್ಲ ಮಸಿ ಅಂಟಿದೆ, ಅಂದರೆ ಗಿಲಾವಿಗಿಂತ ಮೊದಲೇ ಬಿರುಕು ಬಿಟ್ಟಿತ್ತು, ಅದರೊಳಗಿಂದ ಹೊಗೆ ಓಡಿತ್ತು. ಕಡ್ಡಿ ಬೆಂಕಿಗೆ ಗುಮ್ಮಟ ಸೀಳುವುದಿಲ್ಲ. ಒದ್ದೆ ಮೈಗೆ ಪೂರ್ಣ ಬೆಂಕಿ ಕೊಟ್ಟರೆ ಒಳಗಿನ ನೀರು ಆವಿಯಾಗಿ ಸೀಳುತ್ತದೆ, ಗಾರೆ ಪುಡಿಯಾಗುತ್ತದೆ. ಸಬೀನೊ ಹಾಗೆ ಹಚ್ಚುವವನಲ್ಲ. ಗೆರಾರ್ದೊ, ವಿತೊ ಊರಲ್ಲಿರಲಿಲ್ಲ. ಹೊಸ ಒಲೆಗೂ ಹದಿನಾರು ವರ್ಷ ಆರದ ಒಲೆಗೂ ವ್ಯತ್ಯಾಸ ತಿಳಿಯದವನು, ಆದರೆ ಬೆಂಕಿ ತನಗೆ ಚೆನ್ನಾಗಿ ಗೊತ್ತು ಅಂದುಕೊಂಡವನು ಹಚ್ಚಿದ್ದು. ಸಬೀನೊ ಗುರುವಾರ ಬಂದ ಎಂದು ಓರ್ನೆಲ್ಲ ತಂದೆಗೆ ಹೇಳಿದಳು. ಲಿಯೋನಿಯ ಪಾದ್ರಿಯನ್ನು ಕೇಳಿ ಆಗಿದೆ, ಸಬೀನೊ ಇಡೀ ದಿನ ಅಲ್ಲಿದ್ದ. ಗುರುವಾರ ಇಲ್ಲಿ ಇಲ್ಲದವಳಿಗೆ ಆ ಸುಳ್ಳು ಕಟ್ಟುವ ಅಗತ್ಯವೂ ಇರಲಿಲ್ಲ.

"ಅಂಗಳದಲ್ಲಿ ಉಳಿದಿದ್ದ ಸುಣ್ಣ ಕಲಸಿ ಬಳಿದ್ರಿ. ಒಲೆ ಇನ್ನೂ ಬಿಸಿ, ಬಳಿದ ಹಾಗೇ ಗಿಲಾವು ಒಡೀತಾ ಬಂತು. ಒದ್ದೆ ಗೋಣಿ ಬೇಕು, ಗೋಣೀನ ಸಬೀನೊ ಹೊತ್ಕೊಂಡು ಹೋಗಿದ್ದ. ಅಷ್ಟು ಅಗಲದ ಬಟ್ಟೆ ಈ ಮನೇಲಿ ಒಂದೇ. ಈ ಅಂಚು ನೋಡಿ, ಏಣಿ ಕಸೂತಿ. ನಿಮ್ಮಮ್ಮ ಹೊಲೀತಾ ಕೂತಿದ್ದನ್ನ ನಾನು ಅಂಚೆ ಕಿಟಕಿಯಿಂದ ಎರಡು ಚಳಿಗಾಲ ನೋಡಿದೀನಿ. ಸುಣ್ಣ ತಿಂದ ನಾರುಬಟ್ಟೆ ಒಗೆದ್ರೆ ಸರಿಹೋಗಲ್ಲ ಓರ್ನೆಲ್ಲ."

ಓರ್ನೆಲ್ಲ ಅಳಲಿಲ್ಲ. ಗುರುವಾರ ಲುಚಾನೊಗೆ ವಾರದ ರಜೆ, ಭಾನುವಾರಕ್ಕೆ ಮೊದಲು ಒಲೆ ನೋಡೋಣ ಎಂದು ಬಂದೆವು, ಹಿಟ್ಟನ್ನೂ ತಂದಿದ್ದೆವು ಎಂದಳು. ಪೂರ್ಣ ಬೆಂಕಿಗೆ ಗುಮ್ಮಟ ಸೀಳಿದ ಸದ್ದು ಯಾರೋ ಮರದ ತೊಲೆ ಮುರಿದ ಹಾಗಿತ್ತು. ಭಾನುವಾರದ ಊಟ ಮುಗಿದ ಮೇಲೆ ತಂದೆಗೆ ಹೇಳಬೇಕೆಂದಿದ್ದಳು.

"ಬಿಸಿ ಸೋರುತ್ತೆ, ಪಿಟ್ಸಾ ಸರಿಯಾಗಿ ಬೇಯಲ್ಲ, ಅಷ್ಟೇ ಅಂದ್ಕೊಂಡಿದ್ದೆ" ಎಂದ ಲುಚಾನೊ.

"ಅಷ್ಟೇ ಅಂದ್ಕೊಂಡಿದ್ರೆ ಒಲೆ ಮುಂದೆ ನೀನೇ ನಿಲ್ತಿದ್ದೆ" ಎಂದರು ಎರ್ಸೀಲಿಯ.

ವಿತೊ ಎದ್ದು ಕಿಟಕಿಯ ಬಳಿ ಹೋಗಿ ನಿಂತ. ಅಧಿಕಾರಿ ಟೋಪಿ ಹಾಕಿಕೊಂಡ. ಎಲ್ಲ ಮುಗಿಯಿತು ಎಂದು ನಾನು ಅಂದುಕೊಂಡೆ. ರಕೇಲೆ ಗಂಡನ ತೋಳು ಹಿಡಿದು ಮನೆಗೆ ಹೋಗೋಣ ಎಂದಳು. ಅವನು ಕೂತೇ ಇದ್ದ.

"ಒಂದು ಉಳೀತು ಸಬೀನೊ" ಎಂದರು ಎರ್ಸೀಲಿಯ, ಅವರ ಧ್ವನಿ ಮೊದಲಿನಂತಿರಲಿಲ್ಲ. "ಈ ಗಿಲಾವು ನಿಂದಲ್ಲ ಅಂತ ದೂರದಿಂದ ನೋಡಿದ್ರೂ ನಿಂಗೆ ಗೊತ್ತಾಗುತ್ತೆ. ಜೈಲಿನ ಬಾಗಿಲಲ್ಲಿ ಕೂತು ನಂದು ಅಂದೆ. ಇವರನ್ನ ಕಾಪಾಡೋಕೆ ಇವರು ನಿಂಗೇನೂ ಅಲ್ಲ. ಬದುಕಿರೋರಿಗಾಗಿ ಹೇಳಿದ ಸುಳ್ಳಲ್ಲ ಅದು."

ಸಬೀನೊ ಮೇಜಿನ ಮೇಲಿನ ಚಕ್ಕೆಯನ್ನು ತನ್ನ ಕಡೆ ಎಳೆದುಕೊಂಡು ಹೆಬ್ಬೆರಳಿನಿಂದ ಅದರ ಅಂಚನ್ನು ಉಜ್ಜಿದ. ಪುಡಿ ಉದುರಿತು. ಊಟದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಮರೆತುಹೋಗಿದ್ದ ಕರಣೆ ತೆಗೆದುಕೊಳ್ಳಲು ಅಂಗಳಕ್ಕೆ ಬಂದಿದ್ದನಂತೆ. ಗೆರಾರ್ದೊ ಆರನೆಯ ದಿನದ ಬೆಂಕಿಗೆ ಸೌದೆ ಎಣಿಸುತ್ತಿದ್ದ. ಅಷ್ಟು ಮಾತಾಗಿದ್ದರೂ ಸಬೀನೊ ಹೇಳಿದ ಅಳತೆಯಲ್ಲೇ, ಒಂದು ಕಡ್ಡಿಯೂ ಹೆಚ್ಚಿಲ್ಲದೆ. ಇವನನ್ನು ಕಂಡವನೇ ಬಂದು ಎರಡೂ ಕೈ ಹಿಡಿದುಕೊಂಡ.

"'ನಾನು ಹಂಗೆ ಅಂದ ಮಾರನೇ ದಿನವೇ ಬಂದು ಗಿಲಾವು ಮಾಡಿ ಹೋದೆಯಲ್ಲೋ' ಅಂದ" ಎಂದ ಸಬೀನೊ. "'ನಾಳೆ ನನ್ನ ಬಲಗಡೆ ಕೂತ್ಕೋಬೇಕು' ಅಂದ. ಐವತ್ತೈದು ವರ್ಷದಲ್ಲಿ ಅವನು ನನ್ನ ಕೈ ಹಿಡಿದಿದ್ದು ಅದೇ ಮೊದಲು."

"ಗಿಲಾವಿನ ಕೆಳಗೆ ಏನೋ ಮುಚ್ಚಿದಾರೆ ಅಂತ ಗೊತ್ತಾಯ್ತಾ?" ಕಿಟಕಿಯ ಕಡೆಗೇ ಮುಖ ಮಾಡಿ ವಿತೊ ಕೇಳಿದ.

ಸಬೀನೊ ಮೇಜಿನ ಮೇಲೆ ಉದುರಿದ ಪುಡಿಯನ್ನು ಅಂಗೈಯಿಂದ ಗುಡ್ಡೆ ಮಾಡಿದ.

"ಗೊತ್ತಾಯ್ತು ಅಂತ ಹೇಳಲಾರೆ. ಗೊತ್ತಾಗ್ಲಿಲ್ಲ ಅಂತಾನೂ ಹೇಳಲಾರೆ. ಯಾರೋ ಕೆಲಸ ಬರದೋರು ಬಳಿದಿದಾರೆ ಅಂತ ಕಂಡೆ. ಊಟ ಆಗ್ಲಿ, ಸೋಮವಾರ ಕೆರೆದು ನಾನೇ ಬೇರೆ ಮಾಡೋಣ ಅಂದ್ಕೊಂಡೆ. ಅದು ನಂದು ಅಂತ ನಂಬಿಯೇ ಅವನು ಸತ್ತ, ಠಾಣೇಲಿ ನಂದಲ್ಲ ಅಂತ ಹೇಗೆ ಅನ್ನಲಿ?"

ವಿತೊ ತಿರುಗಲಿಲ್ಲ.

ಅಧಿಕಾರಿ ಸಬೀನೊನನ್ನು ಅಂದೇ ಬಿಟ್ಟುಬಿಟ್ಟ. ಅವನು ಮಾಡಿದ್ದನ್ನು ಹಿಡಿಯುವ ಕಾನೂನು ಯಾವುದೂ ಇರಲಿಲ್ಲ. ಓರ್ನೆಲ್ಲ, ಲುಚಾನೊ ಇಬ್ಬರೂ ಅವೆಲ್ಲಿನೊದ ನ್ಯಾಯಾಲಯಕ್ಕೆ ಎರಡು ವರ್ಷ ಅಲೆದರು. ವಿತೊ ಅಕ್ಕನ ಜೊತೆ ಮಾತು ಬಿಟ್ಟ, ಅಂಗಳ ಮಾರಿದ. ರಕೇಲೆ ಎರ್ಸೀಲಿಯ ಅವರಿಗೆ ಪ್ರತಿ ಈಸ್ಟರಿಗೂ ಮೊಟ್ಟೆ ತಂದು ಕೊಡುತ್ತಾಳೆ. ಎರ್ಸೀಲಿಯ ತೆಗೆದುಕೊಳ್ಳುತ್ತಾರೆ, ಒಳಗೆ ಕರೆಯುವುದಿಲ್ಲ. ಸಬೀನೊನ ಹೆಸರಿಗೆ ಕಳಂಕವಿಲ್ಲ ಎಂದು ಊರೆಲ್ಲ ಒಪ್ಪಿದೆ. ಒಲೆ ಕಟ್ಟಿಕೊಡು ಎಂದು ಅವನನ್ನು ಯಾರೂ ಕರೆದಿಲ್ಲ, ಕರೆದರೂ ಅವನು ಹೋಗುತ್ತಿರಲಿಲ್ಲ.

ಆ ಶನಿವಾರ ಬೆಳಿಗ್ಗೆ, ಗೆರಾರ್ದೊ ಕೈ ಹಿಡಿದು ನಿಂತಿದ್ದಾಗ, ಅದು ತನ್ನ ಕೈಕೆಲಸ ಅಲ್ಲ ಎಂದು ಸಬೀನೊ ಅವನಿಗೆ ಹೇಳಲಿಲ್ಲ.